ಹತ್ತು ಗಂಟೆಯ ಬ್ಯಾಂಕಾಕ್

ಕೇಳುಗರಿಗೆ ನಮಸ್ಕಾರ. ಅಗ್ಗದ ಟಿಕೆಟ್ ಸಿಕ್ಕಿತೆಂದು ಬ್ಯಾಂಕಾಕ್ ಮೂಲಕ ವಿಯೆಟ್ನಾಮಿಗೋ ಬಾಲಿಗೋ ಹೊರಟಿರುವ, ಬೆನ್ನಿಗೊಂದು ಚೀಲ ಬಿಟ್ಟರೆ ಬೇರೆ ಸಾಮಾನಿಲ್ಲದ ಹುಡುಗ ಹುಡುಗಿಯರು ಕೇಳುತ್ತಿದ್ದಾರೆ ಎಂದುಕೊಂಡು ಮಾತನಾಡುತ್ತೇನೆ. ಅವರು ಇನ್ನೂ ಎದ್ದಿಲ್ಲವಾದರೆ, ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡಿರುವ ತಾಯಂದಿರು ಕೇಳಿ ಹೇಳಿದರೂ ಆಯಿತು. ನಡುವೆ ಹತ್ತು ಗಂಟೆ ಬಿಡುವಿದೆ, ಏನು ಮಾಡುವುದು? ನನ್ನ ಉತ್ತರ ಎರಡೇ ಪದ. ದೋಣಿ ಹತ್ತಿ.

ಹತ್ತು ಗಂಟೆ ಎಂದರೆ ಪೂರ್ತಿ ಹತ್ತು ಗಂಟೆ ಸಿಗುವುದಿಲ್ಲ. ಪಾಸ್‌ಪೋರ್ಟ್ ತಪಾಸಣೆಯ ಸಾಲು, ಊರೊಳಗೆ ಹೋಗಿ ಬರುವ ದಾರಿ, ಮುಂದಿನ ವಿಮಾನಕ್ಕೆ ಮೂರು ಗಂಟೆ ಮೊದಲೇ ಹಾಜರಿ, ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ನಾಲ್ಕೈದು ಗಂಟೆ. ಇಷ್ಟಕ್ಕೆ ಹನ್ನೆರಡು ಸ್ಥಳಗಳ ಪಟ್ಟಿ ಹಿಡಿದು ಟ್ಯಾಕ್ಸಿ ಹತ್ತುವವರಿದ್ದಾರೆ. ಬ್ಯಾಂಕಾಕಿನ ವಾಹನ ದಟ್ಟಣೆಯ ಮುಂದೆ ನಮ್ಮ ಸಿಲ್ಕ್ ಬೋರ್ಡ್ ಜಂಬ ಪಡುವಂತೇನೂ ಇಲ್ಲ. ಪಟ್ಟಿಯನ್ನು ಹರಿದುಹಾಕಿ. ದೋಣಿ ಹತ್ತಿ.

ದಾರಿ ಸುಲಭ. ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಥಾಯ್ ಜನರ ಬಾಯಲ್ಲಿ ಅದು ‘ಸುವನ್ನಪೂಮ್’ ಆಗಿದೆ, ಹೆಸರು ನಮಗೆ ಗುರುತಿನದೇ. ಅದರ ನೆಲಮಾಳಿಗೆಯಿಂದಲೇ ನಗರಕ್ಕೆ ರೈಲು ಹೊರಡುತ್ತದೆ. ಕೊನೆಯ ನಿಲ್ದಾಣ ಫಯಾ ಥಾಯ್, ಅರ್ಧ ಗಂಟೆಯ ಹಾದಿ, 45 ಬಾತ್. ಬಾತ್ ಎಂದರೆ ಅವರ ಹಣ, ಖಾರಾಬಾತ್ ಅಲ್ಲ. ಒಂದು ಬಾತಿಗೆ ಎರಡೂವರೆ ಮೂರು ರೂಪಾಯಿ ಎಂದು ಲೆಕ್ಕ ಹಾಕಿಕೊಳ್ಳಿ. ಅಲ್ಲಿಂದ ಮೇಲ್ಸೇತುವೆಯ ರೈಲು ಹಿಡಿದು, ಸಿಯಾಮ್‌ನಲ್ಲಿ ಬದಲಿಸಿ, ಸಫಾನ್ ತಕ್ಸಿನ್‌ನಲ್ಲಿ ಇಳಿಯಿರಿ. ಎದುರಿಗೇ ಚಾವೊ ಫ್ರಾಯ ನದಿ, ಸಾಥೋನ್ ಜೆಟ್ಟಿ.

ಅಲ್ಲಿ ಕಿತ್ತಳೆ ಬಾವುಟದ ದೋಣಿಗೆ ಕಾಯಿರಿ. ಎಲ್ಲಿ ಇಳಿದರೂ 16 ಬಾತ್. ನೀಲಿ ಬಾವುಟದ ಪ್ರವಾಸಿ ದೋಣಿಯೂ ಬರುತ್ತದೆ, ಅದರ ದರ ಹೆಚ್ಚು. ನಿಮಗೆ ಬೇಕಾದದ್ದು ಕಿತ್ತಳೆ. ಅದು ಕಚೇರಿಗೆ ಹೋಗುವವರ, ಶಾಲೆಯ ಮಕ್ಕಳ, ಭಿಕ್ಕುಗಳ ದೋಣಿ. ಭಿಕ್ಕುಗಳಿಗೆ ನಿಲ್ಲಲು ಬೇರೆಯೇ ಜಾಗ ಬಿಟ್ಟಿರುತ್ತಾರೆ, ಅಲ್ಲಿ ಹೋಗಿ ಚೀಲ ಇಡಬೇಡಿ. ಕಂಡಕ್ಟರ್ ಉದ್ದನೆಯ ಲೋಹದ ಕೊಳವೆಯೊಂದನ್ನು ಝಣಝಣ ಕುಲುಕುತ್ತ ಬರುತ್ತಾರೆ. ಚಿಲ್ಲರೆ, ಟಿಕೆಟ್ ಎರಡೂ ಅದರೊಳಗೇ. ಹಿಂಬದಿಯಲ್ಲಿ ಹಗ್ಗ ಹಿಡಿದು ನಿಂತವನು ಸೀಟಿ ಊದುತ್ತಾನೆ, ಮುಂದೆ ಕುಳಿತ ಚಾಲಕ ಆ ಸೀಟಿಯ ಲೆಕ್ಕದಲ್ಲೇ ದೋಣಿಯನ್ನು ಜೆಟ್ಟಿಗೆ ತಂದು ತಾಗಿಸುತ್ತಾನೆ. ನಿಲ್ಲುವುದು ಕೆಲವೇ ಕ್ಷಣ. ಬೇಗ ಹತ್ತಿ, ಬೇಗ ಇಳಿಯಿರಿ. ಅಲ್ಲಿ ನಿಂತು ಫೋಟೊ ತೆಗೆಯಬೇಡಿ, ದಯವಿಟ್ಟು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸುಮಾರು ಹದಿನೈದು ವರ್ಷದ ಹಿಂದೆ ನಾನು ಮೊದಲ ಸಲ ಅಲ್ಲಿ ಇಳಿದಾಗ ದೋಣಿಯ ವಿಷಯವೇ ಗೊತ್ತಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಗ್ರ್ಯಾಂಡ್ ಪ್ಯಾಲೇಸ್ ಎನ್ನುವ ಥಾಯ್ ರಾಜರ ಅರಮನೆಯ ಬಿಳಿ ಗೋಡೆಯ ಪಕ್ಕ ನಡೆಯುತ್ತಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಮಹನೀಯರು, ನೋಡಿದರೆ ಹೈಸ್ಕೂಲಿನ ಹೆಡ್‌ಮಾಸ್ತರರ ಹಾಗೆ, ಎದುರಾಗಿ ನಕ್ಕರು. ಇಂಡಿಯಾದವರಾ ಎಂದರು. ಹೌದು ಎಂದೆ. ಅಯ್ಯೋ, ಈ ದಿನ ವಿಶೇಷ ಪೂಜೆ, ಎರಡು ಗಂಟೆಯವರೆಗೆ ಅರಮನೆ ಮುಚ್ಚಿದೆ ಎಂದರು. ನನ್ನ ಪೆಚ್ಚು ಮುಖ ನೋಡಿ ಕನಿಕರ ಬಂದವರಂತೆ ಒಂದು ಟುಕ್‌ಟುಕ್ ಕರೆದು, ಮೂರು ಗುಡಿ ತೋರಿಸಿ ಕರೆತರಲು ಬರೀ 20 ಬಾತಿಗೆ ಒಪ್ಪಿಸಿಕೊಟ್ಟರು. ನಾನು ಕೈಮುಗಿದು ಹತ್ತಿದೆ! ಬೆಂಗಳೂರಿನ ಆಟೊಗಳ ಜೊತೆ ಮೂವತ್ತು ವರ್ಷ ಚೌಕಾಸಿ ಮಾಡಿದ ಮನುಷ್ಯ ನಾನು, ಇಷ್ಟು ಅಗ್ಗಕ್ಕೆ ಏಕೆ ಎಂದು ಒಂದು ಮಾತು ಕೇಳಲಿಲ್ಲ.

ಒಂದು ಗುಡಿ ತೋರಿಸಿದ, ನಿಜ. ಆಮೇಲೆ ಗಾಡಿ ನಿಂತದ್ದು ರತ್ನದ ಅಂಗಡಿಯ ಮುಂದೆ. ಹತ್ತು ನಿಮಿಷ ಕುಳಿತು ಬನ್ನಿ ಸಾಕು, ನನಗೆ ಪೆಟ್ರೋಲ್ ಕೂಪನ್ ಕೊಡುತ್ತಾರೆ ಎಂದು ಚಾಲಕ ಅಂಗಲಾಚಿದ. ಪಾಪ ಎನಿಸಿತು, ಹೋದೆ. ತಣ್ಣನೆಯ ಕೋಣೆ, ಬಿಸಿ ಚಹಾ, ಮಖಮಲ್ಲಿನ ಮೇಲೆ ನೀಲಮಣಿ. ಇದನ್ನು ನಿಮ್ಮೂರಿನಲ್ಲಿ ಮಾರಿದರೆ ಎರಡರಷ್ಟು ಎಂದರು. ನನ್ನ ಜೇಬಿನಲ್ಲಿ ಇದ್ದದ್ದು 900 ಬಾತ್, ಬಡತನವೇ ಕಾಪಾಡಿತು. ಮುಂದಿನ ನಿಲುಗಡೆ ದರ್ಜಿಯ ಅಂಗಡಿ. ಬೇಡ ಬೇಡ ಎನ್ನುತ್ತಿರುವಾಗಲೇ ಇಬ್ಬರು ಬಂದು ಸೂಟಿನ ಅಳತೆ ಶುರು ಮಾಡಿದರು. ಆ ಸೆಕೆಯಲ್ಲಿ, ಹೊಲದ ಬೆದರುಬೊಂಬೆಯಂತೆ ಎರಡು ಕೈ ಚಾಚಿ ನಿಂತಿದ್ದೇನೆ; ಒಬ್ಬ ಸೊಂಟದ ಸುತ್ತಳತೆಯನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದಾನೆ, ಇನ್ನೊಬ್ಬ ಬರೆದುಕೊಳ್ಳುತ್ತಿದ್ದಾನೆ. ಹೇಗೋ ಬಿಡಿಸಿಕೊಂಡು ಹೊರಬಂದರೆ ಟುಕ್‌ಟುಕ್ ಮಾಯ. ಬೆವರು ಸುರಿಸುತ್ತ ನಡೆದು ಅರಮನೆಯ ಬಾಗಿಲಿಗೆ ಬಂದಾಗ ಗಂಟೆ ಮೂರೂವರೆ ದಾಟಿತ್ತು. ಟಿಕೆಟ್ ಮುಗಿಯಿತು ಎಂದ ಕಾವಲುಗಾರ. ಬೆಳಿಗ್ಗೆ ಎಷ್ಟಕ್ಕೆ ತೆರೆದಿದ್ದಿರಿ ಎಂದು ಕೇಳಿದೆ. ಎಂದಿನಂತೆ ಎಂಟೂವರೆಗೆ ಎಂದ.

ಇನ್ನೇನು ಮಾಡಲಿ, ಹತ್ತಿರದ ಥಾ ತಿಯೆನ್ ಜೆಟ್ಟಿಗೆ ಹೋಗಿ ಕುಳಿತೆ. ಆಚೆ ದಡದಲ್ಲಿ ವಾಟ್ ಅರುಣ್, ಅರುಣನ ಗುಡಿ. ಮೈತುಂಬ ಪಿಂಗಾಣಿ ಚೂರುಗಳನ್ನು ಅಂಟಿಸಿಕೊಂಡ ಗೋಪುರ. ಬೆಳಗಿನ ಸೂರ್ಯನ ಸಾರಥಿಯ ಹೆಸರಿನ ಗುಡಿ, ಆದರೆ ಈ ದಡದಿಂದ ನೋಡಿದರೆ ಸೂರ್ಯ ಮುಳುಗುವುದು ಅದರ ಬೆನ್ನಿಗೆ. ಕೆಲವೇ ಬಾತ್ ಕೊಟ್ಟು ದಾಟುದೋಣಿಯಲ್ಲಿ ಆಚೆ ಹೋದೆ, ಈಚೆ ಬಂದೆ, ಮತ್ತೆ ಆಚೆ ಹೋದೆ. ಟಿಕೆಟಿನವಳು ನಗತೊಡಗಿದಳು. ಅಂದಿನಿಂದ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ದೋಣಿ ಹತ್ತಿ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಥಾ ತಿಯೆನ್ ಪಕ್ಕದಲ್ಲೇ ವಾಟ್ ಫೊ, ಅಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ. ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಲ್ಲಿ ಕೂಡಿಸಿದ 108 ಲಕ್ಷಣಗಳಿವೆ, ಮುಖ ನೋಡಿ ತಿರುಗಿಬಿಡಬೇಡಿ, ಪಾದದವರೆಗೂ ಹೋಗಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಅರಮನೆಗೆ 500 ಬಾತ್. ಒಳಗಿನ ಗೋಡೆಗಳ ಮೇಲೆ ಅವರ ರಾಮಾಯಣವಿದೆ, ರಾವಣನ ಹೆಸರು ಅಲ್ಲಿ ‘ಥೊತ್ಸಕನ್’, ಅಂದರೆ ದಶಕಂಠ. ಅದರ ಬಗ್ಗೆಯೇ ಒಂದು ಭಾಷಣ ಮಾಡಬಹುದಿತ್ತು, ಇರಲಿ.

ಸಸ್ಯಾಹಾರಿಗಳು ‘ಮಂಗ್ಸವಿರತ್’ ಎನ್ನಿ, ನಮ್ಮ ‘ಮಾಂಸವಿರತಿ’ಯೇ ಅದು. ಮೊಟ್ಟೆಯೂ ಬೇಡವೆಂದರೆ ‘ಜೇ’ ಎಂಬ ಕೆಂಪು ಅಕ್ಷರದ ಹಳದಿ ಬಾವುಟ ಹುಡುಕಿ. ‘ಮೈ ಸೈ ನಾಮ್ ಪ್ಲಾ’ ಎಂದರೆ ಮೀನಿನ ರಸ ಹಾಕಬೇಡಿ ಎಂದು. ಬರೆದುಕೊಂಡಿರಾ? ವೀಸಾ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ. 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರವನ್ನೂ ತುಂಬಬೇಕು, ತಲುಪುವ ಮೊದಲಿನ ಮೂರು ದಿನದೊಳಗೆ. ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳಿದವರಿಗೆ ಕೊಡಬೇಡಿ.

ಮರಳಿ ಬಂದಾಗ ವಿಮಾನ ನಿಲ್ದಾಣದೊಳಗೆ ಸಮುದ್ರ ಮಥನದ ದೊಡ್ಡ ಶಿಲ್ಪ ಕಾಣುತ್ತದೆ, ಐದು ನಿಮಿಷ ನಿಂತು ನೋಡಿ. ಹಾಂ, ಒಂದು ಮರೆತಿದ್ದೆ. ಸಾಥೋನ್‌ನಿಂದ ಅರಮನೆಯ ಕಡೆ ಹೋಗುವಾಗ ದೋಣಿಯ ಎಡಗಡೆ ನಿಲ್ಲಿ, ವಾಟ್ ಅರುಣ್ ಬರುವುದು ಆ ಕಡೆಗೇ. ನಮಸ್ಕಾರ.