ಕೌದಿಯೊಳಗೊಂದು ಕೌದಿ

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಈ ಗಂಟು ಬಿಚ್ಚೋಣ. ಮುಂದಿನ ಸಾಲಿನವರು ಇಬ್ಬರು ಕೈಕೊಡಿ, ಒಬ್ಬಳೇ ಹಿಡಿಯುವಷ್ಟು ಹಗುರ ಅಲ್ಲ ಇದು.

ನಮ್ಮಜ್ಜಿ ಹಳೆ ಬಟ್ಟೆ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆ, ಕೌದಿ. ಬಾಗಲಕೋಟೆ ಕಡೆಯಿಂದ ಅವ್ವನ ಜೊತೆ ಬೆಂಗಳೂರಿಗೆ ಬಂತು. ಆಮೇಲೆ ರಾಜಾಜಿನಗರದ ಮನೆಯ ಅಟ್ಟದ ಮೇಲೆ, ಟ್ರಂಕಿನಲ್ಲಿ, ನುಸಿಗುಳಿಗೆಯ ವಾಸನೆ ಹಿಡಿದು ಬಿದ್ದಿತ್ತು. ಹೋದ ಡಿಸೆಂಬರಿನಲ್ಲಿ ನೆಂಟರು ಬಂದು ಹೊದಿಕೆ ಸಾಲದೆ ಹೋದಾಗಲೇ ನೆನಪಾಗಿದ್ದು.

ಈ ಕೆಂಪು ತುಂಡು ನೋಡಿ, ಇಳಕಲ್ ಸೀರೆಯ ಸೆರಗು. ಇಳಕಲ್‌ನಲ್ಲಿ ಸೀರೆಯ ಒಡಲಿನ ಹಾಸೆಳೆಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗೆ, ಸೆರಗಿನ ಹಾಸೆಳೆಯನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಒಡಲು ಸವೆದು ಜಾಲರಿಯಾಗಿದೆ, ಕೊಂಡಿ ಮಾತ್ರ ಬಿಟ್ಟಿಲ್ಲ. ಪಕ್ಕದ್ದು ಗುಳೇದಗುಡ್ಡದ ಖಣ, ಯಾರದೋ ಕುಪ್ಪಸ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಂಗಸರೂ ಹೀಗೇ ಹೊಲಿಯುತ್ತಾರೆ. ಅವರು ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಬೇರೆ ಕೂರಿಸುತ್ತಾರೆ. ನಮ್ಮಜ್ಜಿಗೆ ಅಷ್ಟು ತಾಳ್ಮೆ ಇರಲಿಲ್ಲ ಅನ್ನಿಸುತ್ತೆ.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ವಾಸನೆ ಹೋಗಲಿ ಅಂತ ಇದನ್ನು ವಾಷಿಂಗ್ ಮೆಷಿನ್‌ಗೆ ಹಾಕಿದೆ. ನೀರು ಕುಡಿದು ಭಾರವಾಗಿ, ಒಂದು ಕಡೆ ಮೊಳದುದ್ದ ಹರಿಯಿತು. ಹರಿದದ್ದು ಎಲ್ಲಿ ಗೊತ್ತಾ? ಈ ನೀಲಿ ಟೆರಿಕಾಟ್ ತುಂಡಿನ ಸುತ್ತ. ಅದು ಇನ್ನೂ ಹೊಸದರ ಹಾಗೆ ಹೊಳೆಯುತ್ತಿದೆ, ಪಕ್ಕದ ಹತ್ತಿ ಕಿತ್ತು ಬಂದಿದೆ. ಗಟ್ಟಿ ಬಟ್ಟೆ ಎಳೆದರೆ ಮೆತ್ತನೆಯದು ತಡೆಯುವುದಿಲ್ಲ. ಪಾಲಿಯೆಸ್ಟರ್ ಬೆರೆತ ಬಟ್ಟೆ ಕೌದಿಗೆ ಆಗಿಬರುವುದಿಲ್ಲ ಅನ್ನುವುದು ನನಗೆ ಹೀಗೆ ಅರ್ಥವಾಯಿತು.

ಆದರೆ ಆ ಹರಕಿನೊಳಗೆ ಬೆರಳು ಹಾಕಿದರೆ ಇನ್ನೊಂದು ಹೊಲಿಗೆ ಸಿಕ್ಕಿತು. ಬಣ್ಣ ಹೋದ ಇನ್ನೊಂದು ಕೌದಿ! ಅವ್ವನಿಗೆ ಫೋನ್ ಮಾಡಿದೆ. ಅವಳಿಗೆ ಒಂಚೂರೂ ಆಶ್ಚರ್ಯ ಇಲ್ಲ. "ಹಳೇದು ಎಲ್ಲಿ ಒಗೀಬೇಕವ್ವಾ? ಒಳಗ ಹಾಕಿ ಮ್ಯಾಲ ಹೊಸದು ಹೊಲಿತಿದ್ರು. ಅದು ನಿನ್ನ ಮುತ್ತಜ್ಜಿದು ಇರಬೇಕು."

ಇಷ್ಟು ದಿನ ಇದನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಟ್ರಂಕಿನಲ್ಲಿ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟು, ಮಡಿಕೆಯ ಗೆರೆಯುದ್ದಕ್ಕೂ ಎಳೆ ಮುರಿಸಿದವಳು ನಾನೇ. ದಿನಾ ಹೊದ್ದು, ಬಿಸಿಲಿಗೆ ಹಾಕಿ, ಹರಿದಲ್ಲಿ ತೇಪೆ ಹಾಕುತ್ತಿದ್ದ ಅಜ್ಜಿಯ ಕೈಯಲ್ಲಿ ಇದಕ್ಕೆ ಇಂಥ ಗತಿ ಬರುತ್ತಿರಲಿಲ್ಲ. ಅಂಗಡಿಗಳಲ್ಲಿ ಈಗ ಗೋಡೆಗೆ ನೇತುಹಾಕುವ ಕೌದಿ ಸಿಗುತ್ತದೆ. ಚೆನ್ನಾಗಿರುತ್ತದೆ, ಬೇಡ ಅನ್ನಲ್ಲ. ನನಗೆ ಮಾತ್ರ ಕಾಲಿನ ಮೇಲೆ ಆ ಭಾರ ಬೇಕು.

ಅದಕ್ಕೇ ಹರಕು ಮುಚ್ಚಲು ಕೂತಿದ್ದೇನೆ. ಚಿಕ್ಕಪೇಟೆಯಿಂದ ದಪ್ಪ ಹತ್ತಿ ದಾರ ತಂದಿದ್ದೇನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಉಟ್ಟು ಮೆತ್ತಗಾದ ಹತ್ತಿ ಸೀರೆ ಇದ್ದರೆ, ಬಾಗಿಲಿಗೆ ಬರುವ ಪಾತ್ರೆಯವರಿಗೆ ಹಾಕಬೇಡಿ, ನನಗೆ ಕೊಡಿ. ಪ್ರಶ್ನೆಗಳಿದ್ದರೆ ಕೇಳಿ. ಹಾಗೇ ಕಣ್ಣು ಚುರುಕಾಗಿರುವವರು ಯಾರಾದರೂ ಈ ಸೂಜಿಗೆ ದಾರ ಪೋಣಿಸಿಕೊಡಿ, ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೇನೆ.