ದುಡ್ಡು ಕಳಿಸಿ, ಫೋಟೋ ಕೇಳಬೇಡಿ

ನಮಸ್ಕಾರ, ತುಮಕೂರಿನಿಂದ ಮಾತಾಡ್ತಾ ಇದ್ದೀನಿ. ನಮ್ಮ ಕಡೆ ಹುಡುಗ್ರು ಬೆಂಗಳೂರಲ್ಲಿ ಕೈತುಂಬಾ ಸಂಬಳ ತಗೊಳ್ಳೋಕೆ ಶುರು ಮಾಡಿದ್ಮೇಲೆ ಒಂದು ಹೊಸ ಪ್ರಶ್ನೆ ಕೇಳ್ತಾರೆ: ‘ಅಣ್ಣ, ಉಗಾಂಡಾದಲ್ಲಿ ಒಂದು ಮಗುನ ಸ್ಪಾನ್ಸರ್ ಮಾಡೋಣ ಅಂತಿದ್ದೀನಿ. ದುಡ್ಡು ಮಗುಗೆ ಸೇರುತ್ತಾ, ಮಧ್ಯದಲ್ಲೇ ನುಂಗ್ತಾರಾ?’

ನುಂಗೋರು ಎಲ್ಲ ಕಡೆ ಇದ್ದಾರೆ, ಬಿಡಿ. ಉಪಯೋಗ ಆಗುತ್ತಾ ಅಂದ್ರೆ, ಆಗುತ್ತೆ. ಕಂಪ್ಯಾಷನ್ ಇಂಟರ್‌ನ್ಯಾಷನಲ್ ಅಂತ ಅಮೆರಿಕದ ಒಂದು ಕ್ರೈಸ್ತ ಸಂಸ್ಥೆ ಇದೆ, 1952ರಲ್ಲಿ ಕೊರಿಯಾದ ಅನಾಥ ಮಕ್ಕಳಿಗೋಸ್ಕರ ಶುರುವಾಗಿದ್ದು. ಅದರ ನೆರವಲ್ಲಿ ಬೆಳೆದೋರನ್ನ ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಆರು ದೇಶಗಳಲ್ಲಿ ಹುಡುಕಿಕೊಂಡು ಹೋದ್ರು. ಭಾರತವೂ ಅದರಲ್ಲಿತ್ತು. ನೆರವು ಸಿಕ್ಕೋರನ್ನ ಅವರ ಒಡಹುಟ್ಟಿದೋರ ಜೊತೆ, ನೆರೆಹೊರೆಯೋರ ಜೊತೆ ಇಟ್ಟು ನೋಡಿದ್ರು. ಒಟ್ಟು 10,144 ಜನ. 2013ರಲ್ಲಿ ಪ್ರಕಟವಾದ ಲೆಕ್ಕ: ನೆರವು ಸಿಕ್ಕೋರು ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದಾರೆ. ಇದು ಸಣ್ಣ ಮಾತಲ್ಲ.

ನನ್ನ ತಕರಾರು ಫೋಟೋ ಮೇಲೆ. ವೆಬ್‌ಸೈಟಲ್ಲಿ ಸಾಲಾಗಿ ಮಕ್ಕಳ ಮುಖ, ಹೆಸರು, ವಯಸ್ಸು. ಒಂದನ್ನ ಆರಿಸ್ಕೋಬೇಕು. ಆರಿಸಿಕೊಂಡ ಮಗು ಯಾರೋ ಗೊತ್ತಿಲ್ಲದೋರಿಗೆ ಕಾಗದ ಬರೀಬೇಕು: ನಾನು ಚೆನ್ನಾಗಿ ಓದ್ತಿದ್ದೀನಿ, ನಿಮಗೆ ಧನ್ಯವಾದ. ಹುಟ್ಟಿದಹಬ್ಬಕ್ಕೆ ಅದಕ್ಕೆ ಉಡುಗೊರೆ ಬಂದ್ರೆ ಅದೇ ಮನೆ ತಂಗಿ ಬಾಗಿಲಲ್ಲಿ ನಿಂತು ನೋಡ್ಬೇಕು. ಶಿಕಾಗೋ ಟ್ರಿಬ್ಯೂನ್ ಪತ್ರಿಕೆ ವರದಿಗಾರರು ಇಂಥ ಬೇರೆ ಸಂಸ್ಥೆಗಳ ಮೂಲಕ ತಾವೇ 12 ಮಕ್ಕಳಿಗೆ ಸ್ಪಾನ್ಸರ್ ಆಗಿ ನೋಡಿ, 1998ರಲ್ಲಿ ಅದನ್ನ ಬರೆದ್ರು. ಮಾಲಿ ದೇಶದ ಒಬ್ಬ ಹುಡುಗಿ ತೀರಿಹೋದ್ಮೇಲೂ ಅವಳ ಹೆಸರಲ್ಲಿ ದುಡ್ಡು ವಸೂಲಾಗ್ತಾನೇ ಇತ್ತು.

ಸಿದ್ಧಗಂಗೆ ನೋಡಿದೋರಿಗೆ ಇನ್ನೊಂದು ದಾರಿ ಗೊತ್ತು. ಸುಮಾರು 10,000 ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ. ರೈತ ರಾಗಿ ಮೂಟೆ, ತೆಂಗಿನಕಾಯಿ, ಹುಣಸೆಹಣ್ಣು ತಂದು ಇಳಿಸಿ ಹೋಗ್ತಾನೆ. ಅವನ ರಾಗಿ ಮುದ್ದೆಯಾಗಿ ಯಾವ ತಟ್ಟೆಗೆ ಬಿತ್ತು ಅಂತ ಯಾರಿಗೂ ಗೊತ್ತಿಲ್ಲ, ಉಣ್ಣೋ ಹುಡುಗ ಯಾರಿಗೂ ಕಾಗದ ಬರೀಬೇಕಿಲ್ಲ. 2019ರ ಜನವರಿ 21ಕ್ಕೆ ಶಿವಕುಮಾರ ಸ್ವಾಮಿಗಳು 111ನೇ ವಯಸ್ಸಲ್ಲಿ ಲಿಂಗೈಕ್ಯರಾದ್ರು, ಪಂಕ್ತಿ ನಿಲ್ಲಲಿಲ್ಲ.

ಪಂಕ್ತಿ ನಿಲ್ಲದೇ ಇರೋದು ಎಷ್ಟು ಮುಖ್ಯ ಅಂತ 2017ರಲ್ಲಿ ಕಂಡಿದ್ವಿ. ಕಂಪ್ಯಾಷನ್ ಮೇಲೆ ಮತಾಂತರದ ಆರೋಪ ಬಂತು, ಸಂಸ್ಥೆ ಅದು ಸುಳ್ಳು ಅಂತು, ಕೇಂದ್ರ ಸರ್ಕಾರ ವಿದೇಶಿ ದೇಣಿಗೆಗೆ ಮೊದಲೇ ಒಪ್ಪಿಗೆ ಬೇಕು ಅಂತು. ಕಂಪ್ಯಾಷನ್ ಆ ಮಾರ್ಚ್‌ನಲ್ಲಿ ಭಾರತದ ಬಾಗಿಲು ಮುಚ್ತು. ಸುಮಾರು 1.45 ಲಕ್ಷ ಮಕ್ಕಳ ನೆರವು ಕಡಿದುಬಿತ್ತು. ಯಾರದು ಸರಿ ಅನ್ನೋ ಜಗಳ ದೊಡ್ಡೋರದ್ದು, ಫೀಸು ಕಟ್ಟಬೇಕಾಗಿದ್ದು ಮಕ್ಕಳದ್ದು.

ಹಾಗಂತ ಎಲ್ಲಾನೂ ಒಂದೇ ಕೊಪ್ಪರಿಗೆಗೆ ಸುರಿದ್ರೆ ಆಯ್ತು ಅಂತ ನಾನು ಹೇಳಲ್ಲ. ನನ್ನನ್ನ ಒಬ್ಬರು ಗಮನಿಸ್ತಿದ್ದಾರೆ ಅನ್ನೋ ಧೈರ್ಯಾನೂ ಮಗುನ ಓದಿಸುತ್ತೆ, ಮಗುವಲ್ಲಿ ಭರವಸೆ ಹುಟ್ಟಿಸೋದು ಮುಖ್ಯ ಅಂತ ವೈಡಿಕ್ ಅವರೂ ಹೇಳ್ತಾರೆ. ಆದ್ರೆ ಆ ಒಬ್ಬರು ಹತ್ತಿರದೋರಾಗಿರಲಿ: ಹಾಸ್ಟೆಲ್ ವಾರ್ಡನ್ನು, ಮೇಷ್ಟ್ರು, ಜ್ವರ ಬಂದಾಗ ಹಣೆ ಮುಟ್ಟಿ ನೋಡೋರು.

ಅದಕ್ಕೇ ತಮ್ಮಾ, ಕಾರ್ಡ್ ನಂಬರ್ ಹಾಕೋ ಮೊದಲು ಸಂಸ್ಥೆಯೋರಿಗೆ ಎರಡು ಪ್ರಶ್ನೆ ಕೇಳು. ನಾನು ಮುಂದಿನ ತಿಂಗಳು ಕೆಲಸ ಕಳ್ಕೊಂಡ್ರೆ ಈ ಮಗು ಶಾಲೆ ಬಿಡ್ಬೇಕಾ? ಆ ಊರಲ್ಲಿ ಇವಳನ್ನ ನೋಡ್ಕೊಳ್ಳೋರು ಯಾರು, ಅವರಿಗೆ ಸಂಬಳ ಸರಿಯಾಗಿ ಹೋಗ್ತಿದೆಯಾ? ನೇರವಾಗಿ ಉತ್ತರ ಕೊಟ್ರೆ ಧಾರಾಳವಾಗಿ ಕೊಡು.