32 ಜಿಬಿ ಹಾಕಿದೆ, ಡಿಸ್‌ಪ್ಲೇ ಹೋಯ್ತು | ಮಳೆಗಾಲದಲ್ಲಿ ಪಿಸಿ ರಿಪೇರಿ

ನಮಸ್ಕಾರ, ಬನ್ನಿ. ಹಿಂದೆ ಕೇಳ್ತಾ ಇರೋದು ಮಳೆ. ಶಿರಸಿ ಕಡೆ ಜುಲೈ ಅಂದ್ರೆ ಹೀಗೇ, ಅದರಲ್ಲೂ ನಮ್ಮದು ಹಂಚಿನ ಮನೆ, ಮೈಕ್ ಎಲ್ಲಿಟ್ಟರೂ ಇದೇ ಸದ್ದು.

ಇದು ನಾನೇ ಜೋಡಿಸಿದ ಪಿಸಿ. ಪ್ರೊಸೆಸರ್ ರೈಝೆನ್ 5 5600. ಎರಡು ವರ್ಷದಿಂದ ನೀವು ನೋಡಿದ ನನ್ನ ಅಷ್ಟೂ ವಿಡಿಯೋ ಎಡಿಟ್ ಆಗಿದ್ದು ಇದರಲ್ಲೇ. 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್ ಇತ್ತು. ಫೋರ್‌ಕೆ ಕ್ಲಿಪ್ ನಾಲ್ಕು ಇಟ್ಟರೆ ಟೈಮ್‌ಲೈನ್ ಅಲ್ಲೇ ನಿಂತುಬಿಡ್ತಿತ್ತು. ಇನ್ನೆರಡು ತಂದು 32 ಮಾಡೋಣ ಅಂದುಕೊಂಡೆ, ತಂದೆ, ಹಾಕಿದೆ. ಈಗ ನೋಡಿ. ಫ್ಯಾನ್ ತಿರುಗ್ತದೆ, ಲೈಟು ಬರ್ತದೆ, ಸ್ಕ್ರೀನ್ ಕಪ್ಪು. ಮದರ್‌ಬೋರ್ಡಿನ ಮೂಲೆಯಲ್ಲಿ ಅಕ್ಕಿಕಾಳಷ್ಟು ಹಳದಿ ದೀಪ ಕಾಣ್ತಾ ಇದೆಯಲ್ಲ, ಅದರ ಪಕ್ಕ ಡಿರ‍್ಯಾಮ್ ಅಂತ ಬರೆದಿದೆ. ಅಂದ್ರೆ ತೊಂದರೆ ರ‍್ಯಾಮ್ ಕಡೆ. ಆ ದೀಪ ಆರ್ತಾನೇ ಇಲ್ಲ.

ಬಿಚ್ಚೋದು, ಹಾಕೋದು ನಿಮಗೆ ಕಾಣ್ತಾ ಇದೆ. ಒಂದೇ ಮಾತು, ಒಂದೇ ಸ್ಟಿಕ್ ಇಟ್ಟು ನೋಡುವಾಗ ಸಿಪಿಯು ಕಡೆಯಿಂದ ಎರಡನೇ ಸ್ಲಾಟಿಗೇ ಹಾಕಿ. ಹೆಚ್ಚಿನ ಬೋರ್ಡುಗಳಲ್ಲಿ ಅದೇ ಮೊದಲ ಆಯ್ಕೆ. ಎರಡು ಸ್ಟಿಕ್ ಇದ್ದರೆ ಎರಡು ಮತ್ತು ನಾಲ್ಕು.

ನಾಲ್ಕನ್ನೂ ಒಂದೊಂದಾಗಿ ನೋಡಿದೆ, ನಾಲ್ಕೂ ಚೆನ್ನಾಗಿವೆ. ಹಳೇ ಜೋಡಿ 3200ರ ವೇಗದಲ್ಲಿ ಓಡ್ತದೆ. ಹೊಸ ಜೋಡಿಯೂ 3200ರಲ್ಲಿ ಓಡ್ತದೆ. ನಾಲ್ಕೂ ಸೇರಿದರೆ ಇಲ್ಲ. ಎಕ್ಸ್‌ಎಂಪಿ ಅಂದ್ರೆ ರ‍್ಯಾಮ್ ವೇಗ ಹೆಚ್ಚಿಸೋ ಪ್ರೊಫೈಲ್, ಅದನ್ನ ಆಫ್ ಮಾಡಿದರೆ ಮಾತ್ರ ನಾಲ್ಕೂ ಬರ್ತವೆ, ಅದೂ 2400ರಲ್ಲಿ. ಡಬ್ಬದ ಮೇಲಿನ 3200 ತಾನಾಗಿ ಸಿಗೋ ವೇಗ ಅಲ್ಲ. ಸ್ಟಿಕ್ಕಿನೊಳಗೆ ಬರೆದಿಟ್ಟ ಆ ಪ್ರೊಫೈಲನ್ನು ನಾವು ಪಿಸಿ ಶುರುವಾಗೋವಾಗ ತೆರೆಯೋ ಸೆಟ್ಟಿಂಗ್ ಪರದೆ, ಅಂದ್ರೆ ಬಯಾಸ್‌ನಲ್ಲಿ ಆನ್ ಮಾಡಿದರೆ ವೋಲ್ಟೇಜು 1.2ರಿಂದ 1.35ಕ್ಕೆ ಏರ್ತದೆ, ಆಮೇಲೆ ಆ ವೇಗ.

ಈಗ ಅಂಗಡಿಯ ವಿಷಯ. ಇದನ್ನ ಹೇಳದೆ ನನಗೆ ಸಮಾಧಾನ ಆಗೋದಿಲ್ಲ.

ಇದನ್ನ ತರೋಕೆ ಹುಬ್ಬಳ್ಳಿಗೆ ಹೋಗಿದ್ದೆ. ನೂರು ಕಿಲೋಮೀಟರು. ಶಕ್ತಿ ಯೋಜನೆ ಇರೋದರಿಂದ ಬಸ್ಸಿಗೆ ದುಡ್ಡಿಲ್ಲ, ಆದರೆ ಇಡೀ ದಿನ ಹೋಯ್ತು. ಹಳೇ ಸ್ಟಿಕ್ ಒಂದನ್ನ ಕರವಸ್ತ್ರದಲ್ಲಿ ಸುತ್ತಿ ತಗೊಂಡು ಹೋಗಿ ಕೌಂಟರ್ ಮೇಲೆ ಇಟ್ಟೆ, ಇದೇ ಬೇಕು, ಇದರ ಜೊತೆ ಓಡಬೇಕು ಅಂದೆ. "ಸೇಮ್ ಟು ಸೇಮ್ ಮೇಡಂ, ಕಣ್ಣು ಮುಚ್ಚಿ ಹಾಕಿ" ಅಂದರು. ಎರಡು ವರ್ಷದ ಹಿಂದೆ ಒಂದಕ್ಕೆ 1,800 ಕೊಟ್ಟಿದ್ದೆ. ಈ ಸಲ ಒಂದಕ್ಕೆ 5,400! ಚಿಪ್ ಮಾಡುವವರೆಲ್ಲ ಎಐ ಸರ್ವರ್‌ಗಳ ಮೆಮೊರಿ ಕಡೆ ತಿರುಗಿದ್ದಾರೆ, ಈ ಪಿಸಿಗೆ ಹಾಕೋ ಡಿಡಿಆರ್ 4 ರ‍್ಯಾಮ್ ತಯಾರಿ ಕಡಿಮೆ ಮಾಡ್ತಾ ಬಂದಿದ್ದಾರೆ, ಅದಕ್ಕೇ ಈ ರೇಟು. ಅದು ಅಂಗಡಿಯವರ ಕೈಯಲ್ಲಿಲ್ಲ, ಗೊತ್ತು. ಆದರೆ ಮನೆಗೆ ಬಂದು, ಓಡ್ತಾ ಇಲ್ಲ ಅಂತ ಫೋನ್ ಮಾಡಿದರೆ "ನಿಮ್ಮ ಬೋರ್ಡೇ ಪ್ರಾಬ್ಲಂ, ಸೀಲ್ ಒಡೆದಿದ್ದು ವಾಪಸ್ ಇಲ್ಲ" ಅಂತಾರೆ. ಸೀಲ್ ಒಡೆಯದೆ ರ‍್ಯಾಮ್ ಹಾಕಿ ನೋಡೋದು ಹೇಗೆ, ಹೇಳಿ? 10,800 ರೂಪಾಯಿ. ನಮ್ಮ ಕಡೆ ಅದು ಸಣ್ಣ ದುಡ್ಡಲ್ಲ. ಅಡಿಕೆಗೆ ಮದ್ದು ಹೊಡೆಸುವ ತಿಂಗಳು ಬೇರೆ, ಮೈಲುತುತ್ತ, ಸುಣ್ಣ, ಮರ ಹತ್ತಿ ಹೊಡೆಯೋ ಕೊನೆಗೌಡರ ಮಜೂರಿ, ಎಲ್ಲ ಇದೇ ಹೊತ್ತಿಗೆ. ಎರಡು ದಿನ ಮಳೆ ಹೊಳವಾಗಿದ್ದಾಗ ಅರ್ಧ ತೋಟ ಮುಗೀತು, ಇವತ್ತು ನೋಡಿ ಮತ್ತೆ ಹೀಗೆ ಸುರೀತಾ ಇದೆ. ಹೊಡೆದ ಮದ್ದು ಒಣಗೋ ಮೊದಲೇ ತೊಳೆದು ಹೋದರೆ ಕೊಳೆರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಅಪ್ಪ ಬೆಳಗ್ಗಿಂದ ಜಗಲಿಯಲ್ಲಿ ಕೂತು ಆಕಾಶಾನೇ ನೋಡ್ತಾ ಇದ್ದಾರೆ, ಕವಳ ಹಾಕೋದೂ ಮರೆತು... ಹಾಂ, ಟಾರ್ಚ್. ಇದು ಮುಖ್ಯ, ಇಲ್ಲಿ ಬನ್ನಿ.

ಎರಡು ಸ್ಟಿಕ್ಕನ್ನೂ ಪಕ್ಕಪಕ್ಕ ಹಿಡಿದಿದ್ದೇನೆ. ಹೆಸರು ಒಂದೇ, 3200 ಒಂದೇ, 16-18-18 ಅನ್ನೋ ಟೈಮಿಂಗೂ, ಅಂದ್ರೆ ಕೇಳಿದ ಡೇಟಾ ಕೊಡೋಕೆ ಕಾಯೋ ಲೆಕ್ಕವೂ ಒಂದೇ. ಈಗ ಸ್ಟಿಕ್ಕರಿನ ಮೂಲೆಯ ಸಣ್ಣಕ್ಷರ ನೋಡಿ, ವರ್ಷನ್ ನಂಬರು ಬೇರೆ. ಹೀಟ್‌ಸಿಂಕ್ ತಗಡಿನ ಸಂದಿಯಲ್ಲಿ ಟಾರ್ಚ್ ಬಿಡ್ತೇನೆ. ಹಳೆಯದರಲ್ಲಿ ಒಂದು, ಎರಡು... ಎಂಟು ಕಪ್ಪು ಚಿಪ್. ಹೊಸದರಲ್ಲಿ ಲೆಕ್ಕ ಹಾಕಿ. ನಾಲ್ಕೇ! ಅರ್ಧ ಪಟ್ಟಿ ಖಾಲಿ. ಎರಡೂ 8 ಜಿಬಿನೇ, ಆದರೆ ಇದರಲ್ಲಿ ಒಂದೊಂದು ಚಿಪ್ಪಿನ ಸಾಮರ್ಥ್ಯ ದುಪ್ಪಟ್ಟು. ಒಳಗಿನ ಜೋಡಣೆಯೇ ಬೇರೆ ಆದಮೇಲೆ ಡಬ್ಬದಲ್ಲಿ ಬರೆಯದ ಸಣ್ಣ ಟೈಮಿಂಗುಗಳೂ ಬೇರೆ. ರ‍್ಯಾಮ್ ಚಿಪ್ ಹೆಚ್ಚಾಗಿ ಮಾಡೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೇ ಕಂಪನಿ. ಸ್ಟಿಕ್ ಮಾರುವವರು ಹೆಸರು ಹಾಗೇ ಇಟ್ಟು ಒಳಗಿನ ಚಿಪ್ ಬದಲಾಯಿಸ್ತಾರೆ. ಅಂದಮೇಲೆ ಆ ಅಂಗಡಿಯವರಿಗೂ ಇದು ಗೊತ್ತಿರಲಿಕ್ಕಿಲ್ಲ. ಬೈದಿದ್ದು ಸ್ವಲ್ಪ ಜಾಸ್ತಿ ಆಯ್ತು. ವಾಪಸ್ ತಗೊಳ್ಳದೇ ಇದ್ದಿದ್ದು ಮಾತ್ರ ತಪ್ಪೇ.

ಹಿಂದಿನ ವಿಡಿಯೋದಲ್ಲಿ ರಬ್ಬರಿಂದ ಸ್ಟಿಕ್ಕಿನ ಪಿನ್ ಉಜ್ಜಿ ಅಂದಿದ್ದೆ. ಆ ಮಾತು ವಾಪಸ್ ತಗೊಳ್ತೇನೆ. ಮಳೆಗಾಲಕ್ಕೆ ನಮ್ಮಲ್ಲಿ ಚಪ್ಪಲಿಯಿಂದ ಹಿಡಿದು ಪುಸ್ತಕದ ತನಕ ಬೂಷ್ಟು ಬರ್ತದೆ, ಪಿನ್ ಒರೆಸೋದು ಬೇಕು. ಆದರೆ ಅದರ ಚಿನ್ನದ ಲೇಪ ತೀರಾ ತೆಳು. ಐಸೋಪ್ರೊಪೈಲ್ ಆಲ್ಕೋಹಾಲ್, ಮೆತ್ತನೆ ಬಟ್ಟೆ, ಅಷ್ಟು ಸಾಕು.

"ತಂಗೀ, ಎಂತ ಆತೆ? ಇನ್ನೂ ಆಜಿಲ್ಯ?"

ಆಯಿ ಕರೀತಾ ಇದ್ದಾಳೆ. ಇಲ್ಲ ಆಯಿ, ಇನ್ನೂ ಇಲ್ಲ.

ಎಎಂಡಿ ಈ ಪ್ರೊಸೆಸರಿಗೆ 3200 ಅಂತ ಹೇಳೋದು ಎರಡೇ ಸ್ಟಿಕ್ಕಿಗೆ. ನಾಲ್ಕು ಹಾಕಿದರೆ, ಚಿಪ್ಪುಗಳು ಒಂದೇ ಗುಂಪಾಗಿರೋ ಸಿಂಗಲ್ ರ‍್ಯಾಂಕಿಗೆ 2933, ಎರಡು ಗುಂಪಿರೋ ಡ್ಯುಯಲ್ ರ‍್ಯಾಂಕಿಗೆ 2667. ಕೊಳ್ಳೋ ಮೊದಲೇ ಓದಬೇಕಾಗಿದ್ದ ಸಾಲು ಇದು. ಹಾಗಾಗಿ ಎಕ್ಸ್‌ಎಂಪಿ ಇಟ್ಟುಕೊಂಡು ವೇಗ ಮಾತ್ರ 2933ಕ್ಕೆ ಇಳಿಸಿದೆ. ಡಿಸ್‌ಪ್ಲೇ ಬಂತು! ವಿಂಡೋಸೂ ಬಂತು. ಇಲ್ಲಿ ಯಾರೂ ನಿಲ್ಲಿಸಬೇಡಿ. ಪೆನ್‌ಡ್ರೈವಿನಿಂದ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಹಾಕಿ. ನೋಡಿ, ಎರಡನೇ ಪಾಸ್‌ನಲ್ಲಿ, ಅಂದ್ರೆ ಎರಡನೇ ಸುತ್ತಿನಲ್ಲಿ, ಕೆಂಪು ಸಾಲು, ಏಳು ಎರರ್. ಏಳೇ ತಾನೇ ಅನ್ನಬೇಡಿ, ಒಂದಿದ್ದರೂ ಅದು ಫೇಲ್. ಮೂರು ತಾಸು ಎಡಿಟ್ ಮಾಡಿದ ಪ್ರಾಜೆಕ್ಟ್ ಫೈಲು ಹಾಳಾಗೋದು ಇಂಥದ್ದರಿಂದಲೇ.

2666ಕ್ಕೆ ಇಳಿಸಿದೆ. ಉಚಿತ ಆವೃತ್ತಿಯಲ್ಲಿ ನಾಲ್ಕು ಪಾಸ್. ರಾತ್ರಿ ಬಿಟ್ಟು ಮಲಗಿದೆ. ಮೂರು ಮುಗಿದು ನಾಲ್ಕನೆಯದು ಅರ್ಧಕ್ಕೆ ಬಂದಾಗ ಕರೆಂಟು ಹೋಯ್ತು. ಇನ್ವರ್ಟರ್ ಇದೆ, ಆದರೆ ಅದಕ್ಕೆ ಬದಲಾಗೋ ಆ ಒಂದು ಕ್ಷಣ ಸಾಕು ಪಿಸಿ ರೀಸ್ಟಾರ್ಟ್ ಆಗೋಕೆ. ಬೆಳಗ್ಗೆ ಐದಕ್ಕೆ ಎದ್ದು ಬಂದರೆ ಬಯಾಸ್ ಸ್ಕ್ರೀನ್ ನನ್ನ ಮುಖ ನೋಡ್ತಾ ಇದೆ. ಅಳು ಬಂತು, ನಿಜ ಹೇಳ್ತೇನೆ. ಮತ್ತೆ ಮೊದಲಿಂದ ಹಾಕಿದೆ.

ನನ್ನ ಅಭಿಪ್ರಾಯ, ಒಂದೇ ಡಬ್ಬದಲ್ಲಿ ಬಂದ ಜೋಡಿ ಬಿಟ್ಟು ಬೇರೆ ಕೊಳ್ಳಲೇಬೇಡಿ. 32 ಬೇಕಾದರೆ 16ರ ಎರಡು. ಆದರೆ ಈಗಿನ ರೇಟಲ್ಲಿ ಹಳೆಯದನ್ನ ತೆಗೆದಿಟ್ಟು ಹೊಸ ಜೋಡಿ ತಗೊಳ್ಳಿ ಅಂತ ಹೇಳೋಕೆ ನನಗೇ ಬಾಯಿ ಬರೋದಿಲ್ಲ. ಇದ್ದಿದ್ದನ್ನೇ ನಿಧಾನ ಓಡಿಸಿ, ಅದರಲ್ಲಿ ನಾಚಿಕೆ ಇಲ್ಲ. 3200 ಮತ್ತು 2666ರ ಅಂತರ ನನ್ನ ಎಡಿಟಿಂಗ್‌ನಲ್ಲಿ ಗೊತ್ತೇ ಆಗಲಿಲ್ಲ. 16 ಮತ್ತು 32ರ ಅಂತರ ಮೊದಲ ನಿಮಿಷಕ್ಕೇ ಗೊತ್ತಾಯ್ತು.

ಬಂತು, ಬಂತು! ನಾಲ್ಕು ಪಾಸ್, ಎರರ್ ಸೊನ್ನೆ. ಹಸಿರು ಅಕ್ಷರ ಕಾಣ್ತಾ ಇದೆಯಲ್ಲ? ಮಧ್ಯಾಹ್ನ ಎರಡೂವರೆ. ಈ ಸೆಟ್ಟಿಂಗನ್ನ ಬಯಾಸ್‌ನಲ್ಲಿ ಪ್ರೊಫೈಲ್ ಆಗಿ ಸೇವ್ ಮಾಡಿದೆ, ಬೋರ್ಡಿನ ಬಿಲ್ಲೆ ಬ್ಯಾಟರಿ ತೆಗೆದರೆ ಸೆಟ್ಟಿಂಗ್ ಅಳಿಸಿ ಹೋಗಬಹುದು ಅಂತ ಕಾಗದದ ಮೇಲೂ ಬರೆದು ಕೇಸಿನ ಒಳಬದಿಗೆ ಅಂಟಿಸ್ತಾ ಇದ್ದೇನೆ. 2666, 1.35. ತಾರೀಖೂ ಹಾಕ್ತೇನೆ. ಆಯಿ ಅಪ್ಪೆಹುಳಿ ಮಾಡಿದಾಳೆ, ಎರಡು ಸಲ ಕರೆದಾಯ್ತು. ಸೈಡ್ ಪ್ಯಾನಲ್ ಹಾಕಿ ಊಟಕ್ಕೆ ಹೋಗ್ತೇನೆ.